ಮನೆಯ ವ್ಯಾಪಾರವೂ ಪಾರ್ಸೆಲು ಕಟ್ಟುವ ಕ್ರಮವೂ

ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ಮನೆವಾರ್ತೆಯೊಂದಿಗೆ ಹಪ್ಪಳ, ಉಪ್ಪಿನಕಾಯಿ, ಗೇರುಬೀಜ, ಕೈಮಗ್ಗದ ಸೀರೆ, ಕಸೂತಿಯ ಬಟ್ಟೆ ಮೊದಲಾದುವನ್ನು ಪರವೂರಿನವರಿಗೆ ಮಾರಿ ಸಂಸಾರಕ್ಕೆ ನೆರವಾಗುತ್ತಿರುವರೆಂದು ಕೇಳಿ ನಮಗೆ ಬಹಳ ಸಂತೋಷವಾಗುತ್ತದೆ. ಸರಕನ್ನು ಚೆನ್ನಾಗಿ ಮಾಡುವುದನ್ನು ಅವರು ತಾಯಂದಿರಿಂದ ಕಲಿತಿರುವರು. ಅದನ್ನು ಚೆನ್ನಾಗಿ ಕಟ್ಟಿ ಕಳುಹಿಸುವುದನ್ನು ಮಾತ್ರ ನಾವು ಕಲಿಸಲಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದಕ್ಕಾಗಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಆರಂಭದಲ್ಲಿ, ಮುಂಬಯಿಯಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿನಿಯು ನಮ್ಮ ಹುಡುಗಿಯರು ಹಾಕಿದ ಕಸೂತಿಯ ಮೇಜುಬಟ್ಟೆಯೊಂದನ್ನೂ ಒಂದು ಭರಣಿ ಮಾವಿನಮಿಡಿಯ ಉಪ್ಪಿನಕಾಯಿಯನ್ನೂ ಕ್ರಯಕ್ಕೆ ತರಿಸಿಕೊಂಡಳು. ನಾವು ಎರಡನ್ನೂ ಒಂದೇ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹುರಿ ಬಿಗಿದೆವು. ದಾರಿಯಲ್ಲಿ ಭರಣಿಯ ಮುಚ್ಚಳ ಸಡಿಲಿತು. ಮೂರು ತಿಂಗಳ ಕಸೂತಿಗೆ ಉಪ್ಪುನೀರೂ ಖಾರವೂ ಹತ್ತಿತು. ಅವಳು ದೂರಲಿಲ್ಲ, ಹಣವನ್ನು ಪೂರ್ತಿಯಾಗಿಯೇ ಕಳುಹಿಸಿದಳು. ಆದರೆ ಆ ಬಟ್ಟೆಗೆ ಸೂಜಿ ಹಿಡಿದಿದ್ದ ಹುಡುಗಿಗೆ ಸಂಗತಿಯನ್ನು ತಿಳಿಸುವಾಗ ನಮಗೆ ತಲೆಯೆತ್ತಲಾಗಲಿಲ್ಲ. ಒಯ್ದವರ ದೋಷ ಇದರಲ್ಲಿ ಏನೂ ಇರಲಿಲ್ಲ. ಕಟ್ಟಿದ ಕೈಯ ದೋಷವೇ ಎಲ್ಲವೂ.

ಸರಕಿನ ಸ್ವಭಾವವನ್ನರಿತು ಕಟ್ಟಬೇಕೆಂಬುದೇ ಮೊದಲನೆಯ ಪಾಠ. ಕಾಪುವಿನ ಸಮೀಪದ ಶಂಕರಪುರದ ಮಲ್ಲಿಗೆಯನ್ನು ನೋಡಿರಿ. ಬೆಳಗ್ಗೆ ಕೊಯ್ದ ಮೊಗ್ಗನ್ನು ಮನೆಮಂದಿ ಕುಳಿತು ಬಾಳೆನಾರಿನಲ್ಲಿ ಕಟ್ಟುವರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ತಂಪು ಆರದಂತೆ ಬಾಳೆಲೆಯನ್ನು ಸುತ್ತುವರು. ಅದರ ಆಯುಷ್ಯ ಅಲ್ಪವಾದುದರಿಂದ ಅಂಚೆಯ ದಾರಿಯನ್ನು ಕಾಯದೆ ಬಸ್ಸು, ವಿಮಾನಗಳಲ್ಲಿ ಮುಂಬಯಿಯವರೆಗೂ ಕಳುಹಿಸುವರು. ಹೂವಿಗೆ ತೇವವು ಜೀವ. ಹಪ್ಪಳಕ್ಕೆ ಅದೇ ಶತ್ರು. ಹೀಗೆ ಒಂದಕ್ಕೆ ಸಲ್ಲುವ ಕಟ್ಟು ಇನ್ನೊಂದಕ್ಕೆ ಸಲ್ಲದು.

ಹಪ್ಪಳವನ್ನೂ ಗೇರುಬೀಜವನ್ನೂ ಗಾಳಿಯಾಡದ ಚೀಲದಲ್ಲಿ ಬಿಗಿಯಾಗಿ ಮುಚ್ಚತಕ್ಕುದು. ಹಪ್ಪಳದ ಅಂಚುಗಳು ಮುರಿಯದಂತೆ ಮೇಲೂ ಕೆಳಗೂ ದಪ್ಪ ರಟ್ಟನ್ನಿಡಬೇಕು. ಉಪ್ಪಿನಕಾಯಿಯ ಭರಣಿಯನ್ನು ಕಂಠದವರೆಗೆ ತುಂಬಬಾರದು. ಮುಚ್ಚಳಕ್ಕೆ ಅಂಟುಪಟ್ಟಿ ಸುತ್ತಿ, ಭರಣಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಟ್ಟಿಯಾದ ಪೆಟ್ಟಿಗೆಯ ನಡುವೆ ನಿಲ್ಲಿಸಿ, ಸುತ್ತಲೂ ಮರದ ಹುಡಿಯನ್ನೋ ಹತ್ತಿಯನ್ನೋ ತುಂಬಬೇಕು. ಒಡೆದರೂ ಸೋರಿದ್ದನ್ನು ಅದು ಹೀರಿಕೊಳ್ಳುವುದು. ಸೀರೆಗೆ ಗುಂಡುಸೂಜಿ ಚುಚ್ಚಬಾರದು. ತುಕ್ಕಿನ ಕಲೆ ಹೋಗುವುದಿಲ್ಲ. ನಮ್ಮ ಕರಾವಳಿಯ ಮಳೆಗೆ ಬರಿಯ ಕಾಗದ ಸಾಲದಾದುದರಿಂದ ಒಳಗೊಂದು ನೀರು ಹೋಗದ ಹೊದಿಕೆ ಇರಲೇಬೇಕು. ಕಟ್ಟಿ ಮುಗಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಬಳಿ ಅಲುಗಿಸಿರಿ. ಸದ್ದು ಕೇಳಿಸಿದರೆ ಬಿಚ್ಚಿ ಮತ್ತೆ ಕಟ್ಟಿರಿ.

ಇನ್ನು ವಿಳಾಸದ ಮಾತು. 1972ನೆಯ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಕಡೆಯ ಮೂರು ಬಟವಾಡೆಯ ಅಂಚೆಕಚೇರಿಯನ್ನೂ ಸೂಚಿಸುತ್ತವೆ. ಉಡುಪಿಗೆ 576101, ಮಣಿಪಾಲಕ್ಕೆ 576104, ಕಾಪುವಿಗೆ 574106, ಕಾರ್ಕಳಕ್ಕೆ 574104. ಮಣಿಪಾಲಕ್ಕೂ ಕಾರ್ಕಳಕ್ಕೂ ಇರುವ ಭೇದ ಒಂದೇ ಅಂಕಿ! ಮಣಿಪಾಲದಲ್ಲಿ ಓದುವ ಮಗನಿಗೆ ತಾಯಿ ಕಟ್ಟಿದ ತಿಂಡಿಯು ಆರನ್ನು ನಾಲ್ಕೆಂದು ಬರೆದ ಮಾತ್ರಕ್ಕೆ ಕಾರ್ಕಳದ ದಾರಿ ಹಿಡಿಯಬಹುದು. ಆದುದರಿಂದ ಅಂಕಿಗಳನ್ನು ಬಿಡಿಬಿಡಿಯಾಗಿ ಬರೆದು, ಮಳೆಯಲ್ಲಿ ಅಳಿಯದಂತೆ ಮೇಲೆ ಪಾರದರ್ಶಕ ಅಂಟುಪಟ್ಟಿ ಹಚ್ಚಿರಿ. ಕಳುಹಿಸುವವರ ವಿಳಾಸವನ್ನೂ ಬರೆಯಿರಿ. ಎರಡರ ಪ್ರತಿಯೊಂದು ಪೆಟ್ಟಿಗೆಯ ಒಳಗೂ ಇರಲಿ. ರಿಜಿಸ್ಟರ್ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದನ್ನು ಹಿರಿಯರು ಗಮನಿಸತಕ್ಕುದು. ರಶೀದಿಯಲ್ಲಿರುವ ಸಂಖ್ಯೆಯನ್ನು ಗಿರಾಕಿಗೆ ಆ ದಿನವೇ ತಿಳಿಸಿದರೆ ಅರ್ಧ ಚಿಂತೆ ಕಳೆಯುವುದು.

ಬೆಲೆಯ ವಿಷಯದಲ್ಲಿ ನಮ್ಮ ಹೆಂಗಸರು ಹೆಚ್ಚಾಗಿ ಮೋಸಹೋಗುವುದು ತಮ್ಮಿಂದಲೇ. ಮಾವಿನಕಾಯಿ, ಮೆಣಸುಗಳ ಬೆಲೆಯನ್ನು ಲೆಕ್ಕಹಿಡಿದು, ಪೆಟ್ಟಿಗೆ, ಅಂಟುಪಟ್ಟಿ, ಅಂಚೆಯ ವೆಚ್ಚ, ಕಟ್ಟುವುದಕ್ಕೆ ಹಿಡಿದ ಹೊತ್ತು ಇವುಗಳನ್ನು ಬಿಟ್ಟುಬಿಡುವರು. ವರ್ಷಾಂತ್ಯದಲ್ಲಿ ದುಡಿದದ್ದು ಬಹಳ, ಉಳಿದದ್ದು ಸೊನ್ನೆ. ಸರಕು ಮುಟ್ಟಿದಾಗ ಹಣ ತೆಗೆದುಕೊಳ್ಳುವ ವಿ.ಪಿ. ಪದ್ಧತಿ ನಮ್ಮ ದೇಶದಲ್ಲಿ 1877ರಲ್ಲಿಯೇ ಆರಂಭವಾಯಿತು. ಇಂದಿನ ವ್ಯಾಪಾರದಲ್ಲಿಯೂ ಆ ರೀತಿಯೇ ಬೇರೆ ಹೆಸರಿನಿಂದ ನಡೆಯುತ್ತಿದೆ. ಅದರಲ್ಲಿ ಗಿರಾಕಿ ಬೇಡವೆಂದು ಮರಳಿಸಿದರೆ ಹೋಗಿಬರುವ ಖರ್ಚು ಸಾಮಾನ್ಯವಾಗಿ ಮಾರುವವಳ ತಲೆಯ ಮೇಲೆಯೇ ಬೀಳುವುದು. ಹೊಸ ಗಿರಾಕಿಯಿಂದ ಅಂಚೆಯ ವೆಚ್ಚವನ್ನಾದರೂ ಮುಂಗಡವಾಗಿ ಕೇಳುವುದು ನಾಚಿಕೆಯ ಮಾತಲ್ಲ.

ಅಂಗಡಿಯವನು ಗಿರಾಕಿಯನ್ನು ನಗುಮುಖದಿಂದ ಮಾತಾಡಿಸಬಲ್ಲನು. ಮನೆಯಲ್ಲಿ ಕುಳಿತು ಮಾರುವವಳ ಪರವಾಗಿ ಮಾತಾಡುವುದು ಅವಳ ಪಾರ್ಸೆಲು ಒಂದೇ. ಅದನ್ನು ಬಿಚ್ಚುವವರು ಅವಳ ಮುಖವನ್ನು ಎಂದೂ ಕಂಡಿರಲಾರರು. ಅವಳ ಪ್ರಾಮಾಣಿಕತೆಯನ್ನು ಆ ಗಂಟಿನಲ್ಲಿಯೇ ಕಾಣುವರು. ಕಲೆಬಿದ್ದ ಆ ಮೇಜುಬಟ್ಟೆಯಂಥದೇ ಇನ್ನೊಂದನ್ನು ನಮ್ಮ ಹುಡುಗಿಯರು ಮರುವರ್ಷ ಹಾಕಿ ಮುಂಬಯಿಗೆ ಉಚಿತವಾಗಿ ಕಳುಹಿಸಿದರು. ಅದನ್ನು ಕಟ್ಟಿದವಳು ಮೊದಲನೆಯದಕ್ಕೆ ಸೂಜಿ ಹಿಡಿದಿದ್ದ ಹುಡುಗಿಯೇ. ಉಪ್ಪಿನಕಾಯಿ ಬೇರೆ ಪೆಟ್ಟಿಗೆಯಲ್ಲಿ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.