ಕಣ್ಣು ಬಾಯಿ ಸದಾ ಒಣಗುತ್ತಿದ್ದರೆ ಕಾರಣವನ್ನು ತಿಳಿಯಿರಿ

ಬಿಸಿಲಿನಲ್ಲಿ ದುಡಿದು ಬಂದವರ ಬಾಯಿ ಒಣಗುವುದು ಸಹಜ. ನೀರು ಕುಡಿದೊಡನೆ ಅದು ಸರಿಹೋಗುತ್ತದೆ. ಆದರೆ ಕಣ್ಣಿನಲ್ಲಿ ಮರಳು ಬಿದ್ದಂತೆ ಉರಿಯುವುದು, ನೀರಿನ ಸಹಾಯವಿಲ್ಲದೆ ರೊಟ್ಟಿಯು ಗಂಟಲಿಳಿಯದಿರುವುದು ಮೂರು ತಿಂಗಳಿಗೂ ಮೀರಿ ನಿತ್ಯವೂ ಕಾಡುತ್ತಿದ್ದರೆ, ಅದನ್ನು 'ಉಷ್ಣ'ವೆಂದು ತಳ್ಳಿಹಾಕಬಾರದು. ಅದು ಷೋಗ್ರೆನ್ ವ್ಯಾಧಿಯಾಗಿರಬಹುದು.

ರೋಗಾಣುಗಳನ್ನು ಎದುರಿಸಬೇಕಾದ ದೇಹದ ರಕ್ಷಣಾಶಕ್ತಿಯು ಈ ವ್ಯಾಧಿಯಲ್ಲಿ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಣ್ಣೀರು ಮತ್ತು ಜೊಲ್ಲನ್ನು ಉತ್ಪಾದಿಸುವ ಗ್ರಂಥಿಗಳನ್ನೇ ಹಾಳುಗೆಡವುತ್ತದೆ. ಸ್ವೀಡನ್ ದೇಶದ ನೇತ್ರವೈದ್ಯ ಹೆನ್ರಿಕ್ ಷೋಗ್ರೆನ್ 1933ರಲ್ಲಿ ಇದನ್ನು ವಿವರವಾಗಿ ವರ್ಣಿಸಿದುದರಿಂದ ಅವರ ಹೆಸರೇ ಇದಕ್ಕೆ ಬಂದಿತು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಇದು ಅಂಟುರೋಗವಲ್ಲ, ಪತಿಪತ್ನಿಯರಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಹಲ್ಲುಗಳು ಬೇಗನೆ ಹುಳುಕಾಗುವುದು, ಕಿವಿಯ ಮುಂದೆ ಕೆನ್ನೆ ಊದಿಕೊಳ್ಳುವುದು, ಕೀಲುನೋವು ಮತ್ತು ಅತಿಯಾದ ಆಯಾಸ ಇದರ ಇತರ ಚಿಹ್ನೆಗಳು. ಯೋನಿಯು ಒಣಗಿ, ಸಮಾಗಮದ ವೇಳೆ ನೋವಾಗುವುದೂ ಉಂಟು. ಪತ್ನಿಯು ಸಂಕೋಚದಿಂದ ಇದನ್ನು ಮುಚ್ಚಿಡಬಾರದು. ಪತಿಯು ಇದನ್ನು ಉದಾಸೀನವೆಂದು ತಪ್ಪು ತಿಳಿಯಬಾರದು.

ವೈದ್ಯರು ಮೊದಲು ನೀವು ಸೇವಿಸುತ್ತಿರುವ ಔಷಧಿಗಳನ್ನು ವಿಚಾರಿಸುತ್ತಾರೆ. ಏಕೆಂದರೆ ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ, ಸಕ್ಕರೆ ಕಾಯಿಲೆಯಿಂದಲೂ ಬಾಯಿ ಒಣಗಬಹುದು. ಅನಂತರ ಈ ಪರೀಕ್ಷೆಗಳು ನಡೆಯುತ್ತವೆ:

1. ಕೆಳರೆಪ್ಪೆಯೊಳಗೆ ಕಾಗದದ ಸಣ್ಣ ಪಟ್ಟಿಯನ್ನು 5 ನಿಮಿಷ ಇಡುತ್ತಾರೆ. ಅದು 5 ಮಿಲಿಮೀಟರಿಗಿಂತ ಹೆಚ್ಚು ನೆನೆಯದಿದ್ದರೆ ಕಣ್ಣೀರು ಸಾಲದೆಂದು ಅರ್ಥ.

2. ಏನನ್ನೂ ಜಗಿಯದೆ 15 ನಿಮಿಷಗಳಲ್ಲಿ ಊರುವ ಜೊಲ್ಲನ್ನು ಅಳೆಯುತ್ತಾರೆ. ಅದು 1.5 ಮಿಲಿಲೀಟರನ್ನು ಮೀರದಿದ್ದರೆ ಕಡಿಮೆಯೆಂದು ಎಣಿಸುತ್ತಾರೆ.

3. ರಕ್ತದಲ್ಲಿ 'ಆಂಟಿ-ರೋ' ಎಂಬ ಪ್ರತಿಕಾಯವಿದೆಯೇ ಎಂದು ನೋಡುತ್ತಾರೆ.

4. ಅಗತ್ಯವೆನಿಸಿದರೆ ಒಳತುಟಿಯನ್ನು ಮರಗಟ್ಟಿಸಿ, ಕಾಳಿನಷ್ಟು ಚಿಕ್ಕ ಗ್ರಂಥಿಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ.

ಒಣಗುವಿಕೆಯೊಂದರಿಂದಲೇ ರೋಗವನ್ನು ನಿರ್ಣಯಿಸಲಾಗದು. ರಕ್ತದ ಅಥವಾ ತುಟಿಯ ಪರೀಕ್ಷೆಯ ಸಾಕ್ಷ್ಯವೂ ಬೇಕು.

ಮಗುವನ್ನು ಬಯಸುವ ದಂಪತಿಗಳಿಗೆ ಈ ನಿರ್ಣಯವು ಅತ್ಯಂತ ಮುಖ್ಯ. ಆಂಟಿ-ರೋ ಪ್ರತಿಕಾಯವು ತಾಯಿಯಿಂದ ಗರ್ಭಸ್ಥ ಶಿಶುವಿಗೆ ದಾಟಬಲ್ಲದು. ಇದನ್ನು ಹೊಂದಿದ ತಾಯಂದಿರ 100 ಗರ್ಭಗಳಲ್ಲಿ ಸುಮಾರು 2ರಲ್ಲಿ ಶಿಶುವಿನ ಹೃದಯದ ಬಡಿತಕ್ಕೆ ತಡೆಯುಂಟಾಗುತ್ತದೆ. ಉಳಿದವರು ಈ ಅಪಾಯದಿಂದ ಪಾರಾಗುತ್ತಾರೆಂಬುದು ಸಮಾಧಾನದ ವಿಷಯ. ವ್ಯಾಧಿಯು ಮೊದಲೇ ತಿಳಿದಿದ್ದರೆ, ಗರ್ಭದ ನಾಲ್ಕನೆಯ ತಿಂಗಳಿನಿಂದ ಸ್ಕ್ಯಾನ್ ಮೂಲಕ ಶಿಶುವಿನ ಹೃದಯವನ್ನು ಪರೀಕ್ಷಿಸುತ್ತಿರಬಹುದು, ತಕ್ಕ ಔಷಧಿಯನ್ನೂ ಕೊಡಬಹುದು.

ವ್ಯಾಧಿಯು ಪೂರ್ಣವಾಗಿ ಗುಣವಾಗದಿದ್ದರೂ, ಕಣ್ಣಿನ ಹನಿಗಳು, ಹಲ್ಲಿನ ಆರೈಕೆ ಮತ್ತು ವೈದ್ಯರ ಸಲಹೆಯಿಂದ ಅದನ್ನು ಹತೋಟಿಯಲ್ಲಿಡಬಹುದು. ಎದೆಹಾಲನ್ನಾಗಲಿ ಹರಳೆಣ್ಣೆಯನ್ನಾಗಲಿ ಕಣ್ಣಿಗೆ ಬಿಡಬೇಡಿ. ದಂಪತಿಗಳಿಬ್ಬರೂ ಜೊತೆಯಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಲ್ಲಿಲ್ಲದ ಪರೀಕ್ಷೆಗಳಿಗಾಗಿ ವೈದ್ಯಾಧಿಕಾರಿಗಳು ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸಿಕೊಡುವರು.