ಪಾಚಿ ನೀರು: ಮೆಂಬ್ರೇನ್ ಕಟ್ಟಿಕೊಳ್ಳದಂತೆ ನಡೆಸುವ ಬಗೆ

2008ರ ಆಗಸ್ಟ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನಗಳ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡ ಕೆಂಪು ಪಾಚಿಯು ಎಂಟು ತಿಂಗಳಿಗೂ ಹೆಚ್ಚು ಕಾಲ ಉಳಿದು, ಸುಮಾರು 1,200 ಕಿಲೋಮೀಟರ್ ಉದ್ದದ ಕಡಲತೀರಕ್ಕೆ ಹಬ್ಬಿತು. ಸಾವಿರಾರು ಟನ್ ಮೀನುಗಳು ಸತ್ತವು. ಸಮುದ್ರದ ನೀರನ್ನು ಸಿಹಿಗೊಳಿಸುವ ಹಲವು ಸ್ಥಾವರಗಳು ಬಾಗಿಲು ಮುಚ್ಚಬೇಕಾಯಿತು. ಅಲ್ಲಿ ಯಂತ್ರಗಳು ಕೆಟ್ಟಿರಲಿಲ್ಲ. ಮರಳಿನ ಫಿಲ್ಟರ್‌ಗಳು ಮತ್ತೆ ಮತ್ತೆ ಕಟ್ಟಿಕೊಂಡು, ಅವುಗಳ ಹಿಂದಿದ್ದ ಆರ್.ಓ. ಮೆಂಬ್ರೇನ್‌ಗಳನ್ನು ಕಾಪಾಡುವುದೇ ದುಸ್ತರವಾಗಿತ್ತು.

ಕೆರೆ, ಕಾಲುವೆ ಅಥವಾ ತೆರೆದ ಹೊಂಡದ ನೀರನ್ನು ಬಾಯ್ಲರಿಗೋ ಬಣ್ಣದ ಕೆಲಸಕ್ಕೋ ಬಾಟಲಿಂಗಿಗೋ ಶುದ್ಧೀಕರಿಸಿ ಬಳಸುವ ನಮ್ಮ ಸಣ್ಣ ಘಟಕಗಳಿಗೂ ಬೇಸಿಗೆಯಲ್ಲಿ ಇದೇ ಸಂಕಟ ಚಿಕ್ಕ ಪ್ರಮಾಣದಲ್ಲಿ ಎದುರಾಗುತ್ತದೆ. ನೀರು ಹಸಿರಾಗುತ್ತದೆ, ಒತ್ತಡ ಏರುತ್ತದೆ, ಇಳುವರಿ ಇಳಿಯುತ್ತದೆ, ಆಮೇಲೆ ಹೊಸ ಮೆಂಬ್ರೇನಿನ ಬಿಲ್ಲು ಬರುತ್ತದೆ.

ಪಾಚಿಯ ಕಣಗಳೇ ಮೆಂಬ್ರೇನನ್ನು ಮುಚ್ಚುತ್ತವೆ ಎಂಬುದು ಅರ್ಧ ಸತ್ಯ ಮಾತ್ರ. ಕಣಗಳನ್ನು ಹಿಮ್ಮುಖ ತೊಳೆತದಿಂದ ಬಹುಮಟ್ಟಿಗೆ ಕಿತ್ತುಹಾಕಬಹುದು. ಹೆಚ್ಚಿನ ಹಾನಿ ಮಾಡುವುದು ಪಾಚಿಯು ಹೊರಸೂಸುವ ಲೋಳೆ. ಶರ್ಕರ ಮತ್ತು ಪ್ರೋಟೀನುಗಳಿಂದಾದ ಈ ಅಂಟು ರಂಧ್ರಗಳೊಳಗೆ ಸೇರಿ, ಕಣಗಳನ್ನು ಒಂದಕ್ಕೊಂದು ಬೆಸೆದು, ಮುಂದೆ ಬ್ಯಾಕ್ಟೀರಿಯಾಗಳಿಗೆ ಆಹಾರವೂ ಆಗುತ್ತದೆ. ಆದುದರಿಂದ ಪಾಚಿಯ ಜೀವಕೋಶವನ್ನು ಒಡೆಯದೆ, ಇಡಿಯಾಗಿಯೇ ಹೊರತೆಗೆಯುವುದು ಮೊದಲ ನಿಯಮ.

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ನೀರು ಹಸಿರು ಕಂಡೊಡನೆ ತೊಟ್ಟಿಗೆ ಹೈಪೋ ಸುರಿಯುತ್ತಾರೆ, ಇಲ್ಲವೇ ಮೈಲುತುತ್ತ ಹಾಕುತ್ತಾರೆ. ಪಾಚಿ ಸಾಯುತ್ತದೆ, ನಿಜ. ಸತ್ತ ಕೋಶ ಒಡೆದು ಒಳಗಿನದೆಲ್ಲವೂ ನೀರಿಗೆ ಬರುತ್ತದೆ. ನೀಲಿ-ಹಸಿರು ಪಾಚಿಯಾದರೆ ವಿಷವೂ ಬಿಡುಗಡೆಯಾಗಬಹುದು. ಹಾಗೆ ಕರಗಿದ ವಿಷವನ್ನು ಅಲ್ಟ್ರಾಫಿಲ್ಟರ್ ತಡೆಯಲಾರದು. ಮೇಲಾಗಿ ಉಳಿದ ಕ್ಲೋರಿನ್ ಪಾಲಿಅಮೈಡ್ ಆರ್.ಓ. ಮೆಂಬ್ರೇನನ್ನು ಶಾಶ್ವತವಾಗಿ ಕೆಡಿಸುತ್ತದೆ.

ನೀರೆತ್ತುವ ಜಾಗದಲ್ಲಿ ತೋರುವ ಎಚ್ಚರಿಕೆಗೆ ಹೆಚ್ಚು ಹಣ ಬೇಕಿಲ್ಲ. ಮೈಕ್ರೋಸಿಸ್ಟಿಸ್‌ನಂತಹ ನೀಲಿ-ಹಸಿರು ಪಾಚಿಗಳು ತಮ್ಮೊಳಗಿನ ಅನಿಲದಿಂದ ಮೇಲಕ್ಕೆ ತೇಲಿ ಕೆನೆಗಟ್ಟುತ್ತವೆ. ಫುಟ್‌ವಾಲ್ವನ್ನು ಮೇಲ್ಮೈಯಿಂದ ಕೆಳಗಿಳಿಸಿದರೆ ಹೊರೆ ಅಷ್ಟರಮಟ್ಟಿಗೆ ತಗ್ಗುತ್ತದೆ. ತಳದ ಕೆಸರು ಮಾತ್ರ ಏಳಬಾರದು. ಬಿಸಿಲಿನಲ್ಲಿ ಪಾಚಿಯು ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಮಧ್ಯಾಹ್ನದ ವೇಳೆಗೆ ನೀರಿನ ಪಿ.ಎಚ್. 9ನ್ನು ದಾಟುವುದುಂಟು. ಆ ನೀರಿನಲ್ಲಿ ಆಲಂ ಸರಿಯಾಗಿ ಕೆಲಸ ಮಾಡದು. ಬೆಳಿಗ್ಗೆ ಸಾಕಾಗುತ್ತಿದ್ದ ಪ್ರಮಾಣ ಸಂಜೆ ಏಕೆ ಸಾಲದು ಎಂದು ಬೆರಗಾಗುವ ಆಪರೇಟರು ಮೊದಲು ಪಿ.ಎಚ್. ನೋಡಬೇಕು. ನಸುಕಿನಲ್ಲಿ ನೀರೆತ್ತಿ ತುಂಬಿಸಿಕೊಳ್ಳಲು ತೊಟ್ಟಿಯಿದ್ದರೆ ಅದೇ ಲಾಭ.

ಗಂಟುಕಟ್ಟಿದ ಪಾಚಿ ಹಗುರ. ತಳಕ್ಕೆ ಇಳಿಯಲೆಂದು ಕಾಯುವುದು ವ್ಯರ್ಥ. ಅದನ್ನು ಮೇಲಕ್ಕೆ ತೇಲಿಸಿ ಕೆನೆಯಂತೆ ತೆಗೆಯುವುದೇ ಸರಿಯಾದ ದಾರಿ. ನೀರಿನ ಒಂದು ಭಾಗಕ್ಕೆ ಒತ್ತಡದಲ್ಲಿ ಗಾಳಿಯನ್ನು ಕರಗಿಸಿ ತೊಟ್ಟಿಯೊಳಗೆ ಬಿಟ್ಟರೆ, ಹಾಲಿನಂತೆ ಕಾಣುವ ಸೂಕ್ಷ್ಮ ಗುಳ್ಳೆಗಳು ಎದ್ದು ಪಾಚಿಯನ್ನು ಹೊತ್ತೊಯ್ಯುತ್ತವೆ. ಡಿ.ಎ.ಎಫ್. ಎಂದು ಕರೆಯುವ ಈ ವಿಧಾನವನ್ನು ಕೆಂಪು ಪಾಚಿಯ ಹಾವಳಿಯ ನಂತರ ಕೊಲ್ಲಿ ಪ್ರದೇಶದಲ್ಲಿ ಫುಜೈರಾದ ಎರಡನೆಯ ಸ್ಥಾವರವೂ ಸೇರಿದಂತೆ ಹೊಸ ಸ್ಥಾವರಗಳು ಅಳವಡಿಸಿಕೊಂಡವು.

ಇದರ ನಂತರ ಅಲ್ಟ್ರಾಫಿಲ್ಟರ್ ಬಂದರೆ ಒಳ್ಳೆಯದು. ಆದರೆ ಅದೊಂದನ್ನೇ ಹಾಕಿದರೆ ಸಾಕೆಂಬ ಮಾರಾಟಗಾರರ ಮಾತನ್ನು ಪೂರ್ತಿ ನಂಬಬಾರದು. ಆ ಮೆಂಬ್ರೇನೂ ಕಟ್ಟಿಕೊಳ್ಳುವುದೇ. ಒಂದು ಮಿತಿಯೊಳಗಿನ ಹರಿವಿನಲ್ಲಿ ಮೆಂಬ್ರೇನ್ ಬಹು ನಿಧಾನವಾಗಿ ಕಟ್ಟುತ್ತದೆ, ಮಿತಿ ಮೀರಿದರೆ ಶೀಘ್ರವಾಗಿ ಕಟ್ಟುತ್ತದೆ ಎಂಬುದನ್ನು 1995ರಲ್ಲಿ ಫೀಲ್ಡ್ ಮತ್ತು ಸಹೋದ್ಯೋಗಿಗಳು ನಿರೂಪಿಸಿದರು. ಪಾಚಿಯ ದಿನಗಳಲ್ಲಿ ಆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಆಗ ಹರಿವನ್ನು ತಗ್ಗಿಸಿ ಹೆಚ್ಚು ಗಂಟೆ ನಡೆಸುವುದು, ಬ್ಯಾಕ್‌ವಾಶಿನ ಅಂತರವನ್ನು ಕಿರಿದುಗೊಳಿಸುವುದು ಲೇಸು. ಕೊಳ್ಳುವಾಗಲೇ ಒಂದಿಷ್ಟು ಹೆಚ್ಚುವರಿ ಮೆಂಬ್ರೇನ್ ವಿಸ್ತೀರ್ಣವನ್ನು ಕೇಳಿ ಪಡೆಯುವುದು ದುಂದುಗಾರಿಕೆಯಲ್ಲ.

ಆರ್.ಓ. ಒಳಹರಿವಿನ ನೀರಿನ ಎಸ್.ಡಿ.ಐ. 5ನ್ನು ಮೀರಬಾರದು, 3ರ ಒಳಗಿದ್ದರೆ ಉತ್ತಮ ಎನ್ನುವುದು ರೂಢಿಯ ಅಳತೆ. 0.45 ಮೈಕ್ರಾನ್ ಕಾಗದದ ಮೂಲಕ ನೀರು ಹರಿಸಿ, 15 ನಿಮಿಷಗಳಲ್ಲಿ ಅದು ಎಷ್ಟು ನಿಧಾನವಾಯಿತೆಂದು ನೋಡುವ ಈ ಪರೀಕ್ಷೆಯನ್ನು ಯಾವ ಘಟಕವಾದರೂ ಮಾಡಿಕೊಳ್ಳಬಹುದು. ಆ ಕಾಗದದಲ್ಲೂ ನುಸುಳುವ ಲೋಳೆ ಇದರಲ್ಲಿ ತೋರದಿರುವುದರಿಂದ, ಅಂಕಿ ಚೆನ್ನಾಗಿದೆಯೆಂದು ಒತ್ತಡದ ದಾಖಲೆ ಬರೆಯುವುದನ್ನು ಬಿಡುವಂತಿಲ್ಲ.

ಆ ದಾಖಲೆಯಲ್ಲಿ ನೀರಿನ ಉಷ್ಣಾಂಶವೂ ಇರಬೇಕು. ಒಂದು ಡಿಗ್ರಿ ಇಳಿದರೆ ಆರ್.ಓ. ಇಳುವರಿ ಸರಿಸುಮಾರು ಶೇ. 3ರಷ್ಟು ತಗ್ಗುತ್ತದೆ, ಚಳಿಗಾಲದ ಕುಸಿತವನ್ನು ಕೊಳೆಯೆಂದು ಭಾವಿಸಿ ಸುಮ್ಮನೆ ರಾಸಾಯನಿಕ ಸುರಿಯುವವರಿದ್ದಾರೆ. ಉಷ್ಣಾಂಶವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಇಳುವರಿ ಶೇ. 10ರಷ್ಟು ತಗ್ಗಿದ್ದರೆ ತೊಳೆಯುವ ಸಮಯ ಬಂದಿತೆಂದೇ ಅರ್ಥ. ಪಾಚಿಯ ಲೋಳೆಗೆ ಮೊದಲು ಕ್ಷಾರದ ದ್ರಾವಣ, ಅನಂತರ ಬೇಕಿದ್ದರೆ ಆಮ್ಲ. ಕ್ರಮ ತಿರುಗುಮುರುಗಾದರೆ ಲೋಳೆ ಗಟ್ಟಿಯಾಗಿ ಮತ್ತಷ್ಟು ಅಂಟಿಕೊಳ್ಳಬಹುದು. ದ್ರಾವಣದ ಪಿ.ಎಚ್. ಮತ್ತು ಉಷ್ಣಾಂಶದ ಮಿತಿಗಳು ಮೆಂಬ್ರೇನ್ ತಯಾರಕರ ಕೈಪಿಡಿಯಲ್ಲಿರುತ್ತವೆ. ಕೈಪಿಡಿಯನ್ನು ಕಚೇರಿಯ ಬೀರುವಿನಲ್ಲಿಡದೆ ಘಟಕದ ಗೋಡೆಗೆ ತೂಗುಹಾಕುವುದು ವಾಸಿ.