ಓದಲು ಬರುತ್ತದೆ, ಅರ್ಥವಾಗುವುದಿಲ್ಲ

ಏಳನೇ ತರಗತಿಯಲ್ಲಿರುವ ನಿಮ್ಮ ಮಗಳು ಸಂಜೆ ಮಗ್ರಿಬ್ ಬಳಿಕ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಾಳೆ. ನೀವು ಅಡುಗೆ ಮನೆಯಲ್ಲಿರುತ್ತೀರಿ. ಅವಳ ಸ್ವರ ತಡವರಿಸದೆ ಕೇಳಿ ಬರುತ್ತಿದ್ದರೆ ನಿಮಗೂ ನೆಮ್ಮದಿ. ಆದರೆ ಅಂಕಪಟ್ಟಿ ಬಂದಾಗ ವಿಜ್ಞಾನದಲ್ಲಿ ಕಡಿಮೆ, ಸಮಾಜ ವಿಜ್ಞಾನದಲ್ಲಿ ಇನ್ನೂ ಕಡಿಮೆ. ಇಷ್ಟು ಓದಿಯೂ ಹೀಗೇಕೆ ಎಂದು ನೀವು ತಲೆ ಕೆಡಿಸಿಕೊಳ್ಳುತ್ತೀರಿ.

ಇವತ್ತು ಸಂಜೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅವಳು ಇದುವರೆಗೆ ಓದಿರದ ಅರ್ಧ ಪುಟವನ್ನು ಓದಲು ಹೇಳಿ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ, "ಇದರಲ್ಲಿ ಏನು ಹೇಳಿದ್ದಾರೆ, ನಿನ್ನ ಮಾತಿನಲ್ಲಿ ಹೇಳು ಮಗಳೇ" ಎನ್ನಿ. ಮನೆಯಲ್ಲಿ ಆಡುವ ಭಾಷೆಯಲ್ಲೇ ಹೇಳಲಿ. ಸರಾಗವಾಗಿ ಹೇಳಿದರೆ ಸಂತೋಷ. ಸುಮ್ಮನೆ ನಿಮ್ಮ ಮುಖ ನೋಡಿದರೆ, ಅಥವಾ ಮೊದಲ ಎರಡು ಸಾಲನ್ನೇ ಮತ್ತೆ ಒಪ್ಪಿಸಿದರೆ, ಸಮಸ್ಯೆ ಎಲ್ಲಿದೆ ಎಂಬುದು ನಿಮಗೆ ತಿಳಿದಂತಾಯಿತು.

ಓದಿನಲ್ಲಿ ಎರಡು ಕೆಲಸಗಳಿವೆ

ಅಕ್ಷರಗಳನ್ನು ಸರಿಯಾಗಿ ಉಚ್ಚರಿಸುವುದು ಒಂದು ಕೆಲಸ. ಓದಿದ್ದರ ಅರ್ಥವನ್ನು ಗ್ರಹಿಸುವುದು ಇನ್ನೊಂದು. ಇವೆರಡರ ವ್ಯತ್ಯಾಸ ನಮ್ಮ ಮನೆಗಳಲ್ಲಿ ಯಾರಿಗೂ ಹೊಸತಲ್ಲ. ನಮ್ಮ ಮಕ್ಕಳು ಮದ್ರಸದಲ್ಲಿ ಅರಬಿ ಅಕ್ಷರಗಳನ್ನು ಕಲಿತು ಕುರ್‌ಆನನ್ನು ಸುಂದರವಾಗಿ ಪಠಿಸುತ್ತಾರೆ. ಆದರೆ ಅದರ ಅರ್ಥವನ್ನು ಬೇರೆಯಾಗಿ, ಅನುವಾದ ಮತ್ತು ವಿವರಣೆಯ ಮೂಲಕವೇ ಕಲಿಯಬೇಕೆಂದು ನಾವೆಲ್ಲರೂ ಬಲ್ಲೆವು. ಶಾಲೆಯ ಪುಸ್ತಕದ ವಿಷಯದಲ್ಲಿ ಮಾತ್ರ ಇದನ್ನು ಮರೆಯುತ್ತೇವೆ. ಓದಲು ಬಂದರೆ ಅರ್ಥವೂ ತಾನಾಗಿ ಬರುತ್ತದೆ ಎಂದುಕೊಳ್ಳುತ್ತೇವೆ.

1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಇದನ್ನು ಒಂದು ಸರಳ ಗುಣಾಕಾರದ ರೂಪದಲ್ಲಿ ಹೇಳಿದರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಸಿಗುವುದೇ ಓದು. ಗುಣಾಕಾರದಲ್ಲಿ ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಉತ್ತರ ಸೊನ್ನೆಯೇ. ಆದ್ದರಿಂದ ಮಗುವಿನ ಕೊರತೆ ಯಾವ ಕಡೆ ಇದೆ ಎಂದು ಮೊದಲು ತಿಳಿಯಬೇಕು. ಅಕ್ಷರದಲ್ಲೇ ಎಡವುವ ಮಗುವಿಗೆ ಒಂದು ಮದ್ದು, ಅರ್ಥದಲ್ಲಿ ಎಡವುವ ಮಗುವಿಗೆ ಇನ್ನೊಂದು.

ಆರನೇ ತರಗತಿಯ ನಂತರವೇ ಏಕೆ?

"ಮೂರು, ನಾಲ್ಕರವರೆಗೆ ಚೆನ್ನಾಗಿಯೇ ಓದುತ್ತಿದ್ದ, ಆಮೇಲೆ ಹಿಂದೆ ಬಿದ್ದ" ಎಂದು ಎಷ್ಟೋ ತಾಯಂದಿರು ಹೇಳುವುದುಂಟು. ಇದಕ್ಕೆ ಕಾರಣವಿದೆ. ಅಮೆರಿಕದ ಶಿಕ್ಷಣ ತಜ್ಞೆ ಜೀನ್ ಚಾಲ್ 1983ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಮೊದಲ ಕೆಲವು ವರ್ಷ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕನೇ ತರಗತಿಯ ಹೊತ್ತಿಗೆ ಓದಿ ಕಲಿಯಬೇಕಾಗುತ್ತದೆ. ಚಿಕ್ಕ ತರಗತಿಯ ಪಾಠಗಳಲ್ಲಿ ಬೆಕ್ಕು, ಮಾವಿನ ಮರ, ಅಜ್ಜಿ, ಸಂತೆ ಇರುತ್ತವೆ. ಅವೆಲ್ಲ ಮಗುವಿಗೆ ಗೊತ್ತಿರುವ ಸಂಗತಿಗಳೇ. ಆರು, ಏಳನೇ ತರಗತಿಗೆ ಬಂದಾಗ ಬಾಷ್ಪೀಕರಣ, ಸಾಮ್ರಾಜ್ಯ, ಸಂವಿಧಾನ, ದ್ಯುತಿಸಂಶ್ಲೇಷಣೆ ಎದುರಾಗುತ್ತವೆ. ಮನೆಯಲ್ಲಿ ಯಾರ ಬಾಯಿಂದಲೂ ಕೇಳದ ಪದಗಳಿವು.

ನಮ್ಮ ಕನ್ನಡ ಲಿಪಿಗೂ ಹೆಚ್ಚು ಸಮಯ ಬೇಕು. 49 ಅಕ್ಷರಗಳನ್ನು ಕಲಿತರೆ ಮುಗಿಯುವುದಿಲ್ಲ. ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳಾಗುತ್ತವೆ. ಕರ್ನಾಟಕದ ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಈ ಅಕ್ಷರಗಳ ಕಲಿಕೆ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ ಎಂಬುದನ್ನು ತೋರಿಸಿದ್ದಾರೆ. ಇದರ ನಡುವೆ 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದವು. ಅಕ್ಷರ ಗಟ್ಟಿಯಾಗಬೇಕಾದ ಕಾಲದಲ್ಲೇ ಮನೆಯಲ್ಲಿ ಉಳಿದ ಆ ಪುಟ್ಟ ಮಕ್ಕಳು ಈಗ ಹಿರಿಯ ಪ್ರಾಥಮಿಕ ತರಗತಿಗಳನ್ನು ತಲುಪಿದ್ದಾರೆ.

ಇದು ಒಂದೆರಡು ಮನೆಗಳ ಸಮಸ್ಯೆಯಲ್ಲ. ‘ಪ್ರಥಮ್’ ಸಂಸ್ಥೆ 2005ರಿಂದ ಗ್ರಾಮೀಣ ಭಾರತದ ಮನೆ ಮನೆಗೆ ಹೋಗಿ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಪ್ರಕಾರ, 2018ರಲ್ಲಿ ಎಂಟನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 73 ಮಂದಿಗೆ ಮಾತ್ರ ಎರಡನೇ ತರಗತಿಯ ಮಟ್ಟದ ಪಾಠವನ್ನು ಓದಲು ಬರುತ್ತಿತ್ತು. 2024ರಲ್ಲಿ ಈ ಸಂಖ್ಯೆ ಸುಮಾರು 71. ಅಂದರೆ ಪ್ರತಿ ನಾಲ್ವರಲ್ಲಿ ಒಂದಕ್ಕಿಂತಲೂ ಹೆಚ್ಚು ಮಕ್ಕಳು ಎರಡನೇ ತರಗತಿಯ ಮಟ್ಟದ ಪಾಠವನ್ನೂ ಓದಲಾಗದೆ ಎಂಟನೇ ತರಗತಿಯಲ್ಲಿ ಕುಳಿತಿದ್ದರು. ಅಕ್ಷರ ದಾಟಿಯೂ ಅರ್ಥವಾಗದವರು ಈ ಲೆಕ್ಕದಲ್ಲಿ ಸೇರಿಲ್ಲ.

ನಿಮ್ಮ ಮನೆಮಾತೇ ದೊಡ್ಡ ಸಹಾಯ

"ನನಗೇ ಕನ್ನಡ ಸರಿಯಾಗಿ ಬಾರದು, ನಾನು ಓದಿದ್ದು ಐದನೇ ತರಗತಿಯವರೆಗೆ, ನಾನೇನು ಕಲಿಸಲಿ?" ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಬ್ಯಾರಿ, ಉರ್ದು, ನವಾಯತಿ, ಮಲಯಾಳಂ ಮಾತುಗಳಿವೆ. ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಮಗುವಿನ ತಲೆ ಗೊಂದಲವಾದೀತು ಎಂದು ಕೆಲವರು ಮನೆಯಲ್ಲೂ ಹರಕು ಇಂಗ್ಲಿಷಿನಲ್ಲಿ ಮಾತನಾಡಿಸಲು ಹೊರಡುತ್ತಾರೆ. ಅದರ ಅಗತ್ಯವಿಲ್ಲ. ಒಂದು ಭಾಷೆಯಲ್ಲಿ ಚೆನ್ನಾಗಿ ಅರ್ಥವಾದ ವಿಚಾರ ಇನ್ನೊಂದು ಭಾಷೆಯ ಕಲಿಕೆಗೂ ಆಧಾರವಾಗುತ್ತದೆ ಎಂದು ಕೆನಡಾದ ತಜ್ಞ ಜಿಮ್ ಕಮಿನ್ಸ್ 1979ರಲ್ಲೇ ಪ್ರತಿಪಾದಿಸಿದ್ದರು.

ಅನ್ನದ ಪಾತ್ರೆಯನ್ನೇ ತೆಗೆದುಕೊಳ್ಳಿ. ನೀರು ಕುದಿಯುತ್ತದೆ, ಹಬೆ ಏಳುತ್ತದೆ, ಮುಚ್ಚಳ ಎತ್ತಿದರೆ ಒಳಮೈಯಿಂದ ಹನಿಗಳು ತೊಟ್ಟಿಕ್ಕುತ್ತವೆ. ಮಗನನ್ನು ಒಲೆಯ ಹತ್ತಿರ ಕರೆದು ಇದನ್ನು ತೋರಿಸಿ. ನೀರು ಏಕೆ ಕಡಿಮೆಯಾಯಿತು, ಮುಚ್ಚಳದಲ್ಲಿ ಹನಿ ಹೇಗೆ ಬಂತು ಎಂದು ನಿಮ್ಮ ಮಾತಿನಲ್ಲೇ ಕೇಳಿ. ಅವನು ಯೋಚಿಸಿ ಉತ್ತರ ಹೇಳಿದ ಮೇಲೆ ಪುಸ್ತಕ ತೆರೆಯಲಿ. ನೀರು ಆವಿಯಾಗುವುದಕ್ಕೆ ಬಾಷ್ಪೀಕರಣ ಎಂದೂ, ಆವಿ ತಣಿದು ಮತ್ತೆ ನೀರಾಗುವುದಕ್ಕೆ ಸಾಂದ್ರೀಕರಣ ಎಂದೂ ಅಲ್ಲಿ ಬರೆದಿರುತ್ತದೆ. ಆಗ ಅವನು ಕಲಿಯಬೇಕಾದದ್ದು ಎರಡು ಹೊಸ ಹೆಸರುಗಳನ್ನು ಮಾತ್ರ. ವಿಷಯವನ್ನು ಉಮ್ಮ ಅಡುಗೆ ಮನೆಯಲ್ಲೇ ಕಲಿಸಿಯಾಗಿದೆ.

ಮೊದಲೇ ವಿಷಯ ತಿಳಿದಿದ್ದರೆ ಓದು ಎಷ್ಟು ಸುಲಭವಾಗುತ್ತದೆ ಎಂಬುದಕ್ಕೆ 1988ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು ಏಳು ಮತ್ತು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯವೊಂದರ ವಿವರಣೆಯನ್ನು ಓದಲು ಕೊಟ್ಟರು. ನಮಗೆ ಕ್ರಿಕೆಟ್ ಇದ್ದಂತೆ ಅಲ್ಲಿಯವರಿಗೆ ಬೇಸ್‌ಬಾಲ್. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಅರ್ಥ ಮಾಡಿಕೊಂಡರು, ಹೆಚ್ಚು ನೆನಪಿಟ್ಟುಕೊಂಡರು. ಮೀನು ಮಾರುಕಟ್ಟೆ, ಬ್ಯಾಂಕು, ಅಂಚೆ ಕಚೇರಿ, ಗದ್ದೆ, ಬಂದರು ಎಲ್ಲೇ ಹೋದರೂ ಮಕ್ಕಳನ್ನು ಜೊತೆಗೆ ಕರೆದೊಯ್ದು ನಾಲ್ಕು ಮಾತು ವಿವರಿಸಿದರೆ ಅದೂ ಓದಿನ ಪಾಠವೇ.

ಇಪ್ಪತ್ತು ನಿಮಿಷ, ನಾಲ್ಕು ಹೆಜ್ಜೆ

ಅಕ್ಷರ ಸರಾಗವಾಗಿ ಓದಿಯೂ ಅರ್ಥವಾಗದ ಏಳನೇ ತರಗತಿಯ ಮಕ್ಕಳಿಗಾಗಿಯೇ ಆನ್‌ಮೇರಿ ಪಾಲಿಂಕ್ಸರ್ ಮತ್ತು ಆ್ಯನ್ ಬ್ರೌನ್ ಒಂದು ವಿಧಾನವನ್ನು ರೂಪಿಸಿ 1984ರಲ್ಲಿ ಪ್ರಕಟಿಸಿದರು. ಸುಮಾರು 20 ದಿನಗಳ ಅಭ್ಯಾಸದಲ್ಲಿ ಆ ಮಕ್ಕಳ ಗ್ರಹಿಕೆ ಎದ್ದು ಕಾಣುವಷ್ಟು ಸುಧಾರಿಸಿತು. ಇದಕ್ಕೆ ಯಾವ ಸಾಮಗ್ರಿಯೂ ಬೇಡ. ಮಲೆನಾಡಿನ ಮಳೆಯ ಬಗ್ಗೆ ಒಂದು ಪಾಠವಿದೆ ಎಂದಿಟ್ಟುಕೊಳ್ಳಿ.

ಮೊದಲನೆಯದು ಊಹೆ. ಶೀರ್ಷಿಕೆ ಮತ್ತು ಚಿತ್ರ ನೋಡಿ ಇದರಲ್ಲಿ ಏನಿರಬಹುದು ಎಂದು ಹೇಳಿಸಿ. ತಪ್ಪಾದರೂ ಅಡ್ಡಿಯಿಲ್ಲ.

ಎರಡನೆಯದು ಪ್ರಶ್ನೆ. ಒಂದು ಪ್ಯಾರಾ ಓದಿದ ಮೇಲೆ ಮಗುವೇ ನಿಮಗೆ ಪ್ರಶ್ನೆ ಕೇಳಲಿ. "ಘಟ್ಟದ ಈಚೆ ಇಷ್ಟು ಮಳೆ, ಘಟ್ಟ ದಾಟಿದರೆ ಏಕೆ ಕಡಿಮೆ?" ಎಂದು ಅವಳು ಕೇಳಿದರೆ ಅವಳಿಗೆ ಪಾಠದ ತಿರುಳು ಸಿಕ್ಕಿದೆ ಎಂದೇ ಅರ್ಥ.

ಮೂರನೆಯದು ತೊಡಕು ಬಿಡಿಸುವುದು. ‘ಮಳೆ ನೆರಳಿನ ಪ್ರದೇಶ’ ಎಂಬಲ್ಲಿ ಅವಳು ನಿಂತರೆ, ನೀವು ಜೊತೆಯಾಗಿ ಯೋಚಿಸಿ. ಬಿಸಿಲಿಗೆ ಗೋಡೆ ಅಡ್ಡ ಬಂದರೆ ಹಿಂದೆ ನೆರಳು. ಹಾಗೆಯೇ ಮಳೆಯ ಮೋಡಗಳಿಗೆ ಬೆಟ್ಟ ಅಡ್ಡ ನಿಂತರೆ ಹಿಂದಿನ ಸೀಮೆಗೆ ಮಳೆ ಕಡಿಮೆ.

ನಾಲ್ಕನೆಯದು ಸಾರ. ಓದಿದ್ದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಲಿ. ಮೊದಲು ಮನೆಮಾತಿನಲ್ಲಿ, ನಂತರ ಶಾಲೆಯ ಭಾಷೆಯಲ್ಲಿ. ಕೊನೆಗೆ ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಒಂದು ದಿನ ನೀವು ಟೀಚರ್, ಮರುದಿನ ಅವಳು ಟೀಚರ್. ಈ ಅದಲು ಬದಲು ಮಕ್ಕಳಿಗೆ ಬಹಳ ಇಷ್ಟ.

ಪದಗಳನ್ನು ಗುಂಪಾಗಿ ಕಲಿಸಿ

ಪುಸ್ತಕದ ಉದ್ದ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವುದರಿಂದ ಆಯಾಸವೇ ಹೆಚ್ಚು. ‘ಕರಣ’ ಎಂದರೆ ಮಾಡುವುದು ಎಂದು ತಿಳಿದರೆ ಶುದ್ಧೀಕರಣ, ನಗರೀಕರಣ, ಖಾಸಗೀಕರಣ, ಬಾಷ್ಪೀಕರಣ ಎಲ್ಲವೂ ಒಂದೇ ಕುಟುಂಬದವು ಎಂದು ಮಗು ಗುರುತಿಸುತ್ತದೆ. ಲ ಮತ್ತು ಳ ಬೆರೆಸುವ ಮಕ್ಕಳಿಗೆ "ಬೆಳೆಗೆ ಒಳ್ಳೆಯ ಬೆಲೆ ಸಿಕ್ಕಿತು" ಎಂಬಂತಹ ವಾಕ್ಯಗಳನ್ನು ಆಟದಂತೆ ಹೇಳಿಸಿ. ಹುಲಿ ಮತ್ತು ಹುಳಿ, ಕಲೆ ಮತ್ತು ಕಳೆ ಕೂಡ ಹೀಗೆಯೇ. ಉದ್ದದ ವಾಕ್ಯ ಬಂದಾಗ ಮೊದಲು ಕೊನೆಯ ಕ್ರಿಯಾಪದವನ್ನು ಹುಡುಕಿಸಿ, "ಯಾರು? ಏನು ಮಾಡಿದರು?" ಎಂದು ಕೇಳಿ. ಅರ್ಧ ಗಂಟು ಅಲ್ಲೇ ಬಿಚ್ಚುತ್ತದೆ.

ಅಕ್ಷರದಲ್ಲೇ ಎಡವುವ ಮಗುವಾದರೆ

ಹನ್ನೆರಡು ವರ್ಷದ ಹುಡುಗನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಅವನಿಗೆ ಅವಮಾನವೆನಿಸುತ್ತದೆ. ಅದರ ಬದಲು, "ತಂಗಿಗೆ ದಿನಾ ಒಂದು ಕಥೆ ಓದಿ ಹೇಳು" ಎಂದು ಜವಾಬ್ದಾರಿ ಕೊಡಿ. ತಂಗಿಗೆ ಕಥೆಯಾಯಿತು, ಅಣ್ಣನಿಗೆ ಅಭ್ಯಾಸವಾಯಿತು, ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಎಡವಿದ ಒತ್ತಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು ದಿನಕ್ಕೆ ಹತ್ತು ನಿಮಿಷ ಓದಿಸಿ. ನೆಂಟರ ಎದುರು, ನೆರೆಮನೆಯ ಮಕ್ಕಳೊಂದಿಗೆ ಹೋಲಿಸಿ ಮಾತನಾಡಬೇಡಿ.

ಪುಸ್ತಕ ಕೊಳ್ಳಲು ಹಣವಿಲ್ಲವೆಂದು ಚಿಂತಿಸಬೇಕಿಲ್ಲ. ‘ಪ್ರಥಮ್ ಬುಕ್ಸ್’ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಮತ್ತು ಉರ್ದು ಸೇರಿದಂತೆ ಅನೇಕ ಭಾಷೆಗಳ ಮಕ್ಕಳ ಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ. ಹೇಗೂ ಮಕ್ಕಳ ಕೈಯಲ್ಲಿರುವ ಮೊಬೈಲು ಹೀಗಾದರೂ ಉಪಯೋಗಕ್ಕೆ ಬರಲಿ. ನಿಮ್ಮ ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೂ ಒಮ್ಮೆ ಹೋಗಿ ಬನ್ನಿ. ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಈ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು.

ಕೆಲವು ತಿಂಗಳು ಪ್ರೀತಿಯಿಂದ ಅಭ್ಯಾಸ ಮಾಡಿಸಿಯೂ ಅಕ್ಷರಗಳು ಹಿಡಿತಕ್ಕೆ ಬಾರದಿದ್ದರೆ ಕಣ್ಣು, ಕಿವಿಗಳ ತಪಾಸಣೆ ಮಾಡಿಸಿ, ಶಾಲೆಯ ಶಿಕ್ಷಕರೊಂದಿಗೆ ಮಾತನಾಡಿ. ಬುದ್ಧಿವಂತ ಮಕ್ಕಳಿಗೂ ಓದಿನ ವಿಶೇಷ ತೊಂದರೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸಿದೆ. ಅದು ಸೋಮಾರಿತನವಲ್ಲ.

"ತಲೆಗೆ ಹತ್ತುವುದಿಲ್ಲ" ಎನ್ನುವ ಮುನ್ನ

ಸಹೋದರಿಯರೇ, ಏಳನೇ ತರಗತಿ ಮುಗಿದಾಗ ನಮ್ಮ ಅನೇಕ ಊರುಗಳಲ್ಲಿ ಶಾಲೆ ಬದಲಾಗುತ್ತದೆ. ಹೈಸ್ಕೂಲು ದೂರವಿರುತ್ತದೆ, ಬಸ್ಸಿಗೆ ಕಾಯಬೇಕಾಗುತ್ತದೆ. ಹೆಣ್ಣು ಮಗಳ ವಿದ್ಯಾಭ್ಯಾಸ ನಿಂತು ಹೋಗಲು ಆ ಹೊತ್ತಿನಲ್ಲಿ ಒಂದು ಸಣ್ಣ ನೆಪ ಸಾಕು. "ಅವಳಿಗೆ ಓದು ತಲೆಗೆ ಹತ್ತುವುದಿಲ್ಲ" ಎಂದು ಯಾರೋ ಒಬ್ಬರು ಹೇಳುತ್ತಾರೆ, ಮನೆಯವರು ತಲೆಯಾಡಿಸುತ್ತಾರೆ, ಕೊನೆಗೆ ಆ ಹುಡುಗಿಯೂ ಅದನ್ನು ನಂಬಿಬಿಡುತ್ತಾಳೆ. ಹಾಗೆ ಹೇಳಿದವರಲ್ಲಿ ಯಾರೂ ಅವಳ ಪಕ್ಕದಲ್ಲಿ ಕುಳಿತು, ಅವಳು ಓದಿದ್ದು ಏನೆಂದು ಅವಳದೇ ಮಾತಿನಲ್ಲಿ ಕೇಳಿರುವುದಿಲ್ಲ.

ಗೈಡ್ ತಂದು ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ಒಂದು ಪರೀಕ್ಷೆ ದಾಟಬಹುದು. ಓದಿದ್ದನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಬಂದರೆ ಔಷಧಿಯ ಚೀಟಿ, ಬ್ಯಾಂಕಿನ ಅರ್ಜಿ, ಬಾಡಿಗೆ ಕರಾರು, ಪತ್ರಿಕೆ ಯಾವುದಕ್ಕೂ ಅವಳು ಇನ್ನೊಬ್ಬರನ್ನು ಅವಲಂಬಿಸಬೇಕಾಗಿಲ್ಲ. ಇದಕ್ಕಾಗಿ ನೀವು ಕೊಡಬೇಕಾದದ್ದು ದಿನಕ್ಕೆ ಇಪ್ಪತ್ತು ನಿಮಿಷ ಮತ್ತು ನಿಮ್ಮ ಮನೆಮಾತು. ಈ ವಾರ ಒಂದು ಪಾಠ, ಒಂದು ಪ್ಯಾರಾದಿಂದ ಆರಂಭಿಸಿ.